ತ್ರಿಪಾತ್ರದಲ್ಲಿ ಮಿಂಚುವ ಮೂಕ ಕಾರು!

ತೆರೆಯ ಮೇಲೆ ಹೀರೋನ ಕಾರು ಹೇಗೆ ಬರಬೇಕು? ಟೈರು ಕಿರ್ರೆನ್ನಬೇಕು, ಧೂಳು ಏಳಬೇಕು, ಮುಂದಿನ ಬೆಂಚಿನವರು ಸೀಟಿ ಹೊಡೆಯಬೇಕು. ಈ ವಾರ ನಾನು ಪರಿಚಯ ಮಾಡಿಕೊಡುವ ಹೀರೋ ಮಾತ್ರ ಬೇರೆ ಜಾತಿಯವನು. ಗುಂಡಿ ಒತ್ತಿದರೆ ಸದ್ದಿಲ್ಲ, ಹೊರಟರೆ ಸದ್ದಿಲ್ಲ. ವಿಜಯಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯವನು ಮೊದಲ ದಿನವೇ ಓಡಿ ಬಂದ.

"ಯಾಕಣ್ಣಾ, ಗಾಡಿ ಬಂದ್ ಬಿತ್ತೇನು? ನೂಕ್ಲೇನು?"

ಬಂದ್ ಬಿದ್ದಿರಲಿಲ್ಲ ಓದುಗರೇ! ಅದು ಹೈಬ್ರಿಡ್ ಕಾರು. ಪೆಟ್ರೋಲ್ ಎಂಜಿನ್ನೂ ಐತಿ, ಕರೆಂಟಿನ ಮೋಟಾರೂ ಐತಿ.

"ನಾಲ್ಕು ಸಿನಿಮಾ ಸುದ್ದಿ ಬರೆಯುವವನಿಗೆ ಇಂಥ ಕಾರು ಎಲ್ಲಿಂದ ಬಂತು?" ಅಂತೀರಾ? ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಬರವಣಿಗೆಯಿಂದ ಚಹಾ ಖರ್ಚು ಹುಟ್ಟುತ್ತದೆ, ಅಷ್ಟೆ. ಕಾರು ತಿಕೋಟಾದ ನಮ್ಮ ಕಾಕಾನದು. ಡ್ರೈವರ್ ಮಾತ್ರ ನಾನು.

ಕಾಕಾನಿಗೆ ದ್ರಾಕ್ಷಿ ತೋಟ ಇದೆ. ಶೋಕಿಗೆ ಕಾರು ಕೊಳ್ಳುವ ಮನುಷ್ಯನೇ ಅಲ್ಲ. ನಮ್ಮ ಚಿಗವ್ವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ವಿಜಯಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಮೊದಲು ಹಳೇ ಡೀಸೆಲ್ ಜೀಪಿನಲ್ಲಿ ಕರೆದೊಯ್ಯುತ್ತಿದ್ದೆವು. ಬರುವಾಗ ಆ ಕುಲುಕಾಟಕ್ಕೆ ಆಕೆಗೆ ವಾಂತಿ, ತಲೆನೋವು. ಒಣದ್ರಾಕ್ಷಿಗೆ ಒಳ್ಳೇ ರೇಟು ಸಿಕ್ಕ ವರ್ಷ ಕಾಕಾ ಆ ದುಡ್ಡಿಗೆ ಬ್ಯಾಂಕಿನ ಸಾಲ ಕೂಡಿಸಿದ. ನಾಲ್ಕು ಗಾಡಿ ಓಡಿಸಿ ನೋಡಿದೆವು. ನಾಲ್ಕನೆಯದರಲ್ಲಿ ಹಿಂದಿನ ಸೀಟಿನ ಚಿಗವ್ವ ಐದೇ ನಿಮಿಷಕ್ಕೆ ನಿದ್ದೆ ಹೋದಳು. ಕಾಕಾ ಕನ್ನಡಿಯಲ್ಲಿ ಒಮ್ಮೆ ನೋಡಿದ.

"ಇದ ಇರ್ಲಿ," ಅಂದ. ವ್ಯಾಪಾರ ಮುಗಿಯಿತು!

ತಂದೆ ಒಬ್ಬ, ಮಕ್ಕಳಿಬ್ಬರು

ಇದರ ಒಳಗುಟ್ಟು ಸಿನಿಮಾದವರಿಗೆ ಸುಲಭವಾಗಿ ತಿಳಿಯುತ್ತದೆ. 1978ರ 'ಶಂಕರ್ ಗುರು' ನೆನಪಿದೆಯಲ್ಲ? ತಂದೆಯೂ ಡಾ. ರಾಜ್, ಇಬ್ಬರು ಮಕ್ಕಳೂ ಡಾ. ರಾಜ್! ನಮ್ಮ ಕಾರಿನ ಬಾನೆಟ್ ಕೆಳಗೂ ಹಾಗೇ ಮೂರು ಪಾತ್ರ.

ತಂದೆ ಪೆಟ್ರೋಲ್ ಎಂಜಿನ್. ದೊಡ್ಡ ಮಗ ಚಕ್ರ ತಿರುಗಿಸುವ ಮೋಟಾರು. ಕಾರು ಹೊರಡುವಾಗ, ಮೆಲ್ಲಗೆ ಹೋಗುವಾಗ ಅವನದೇ ದುಡಿಮೆ. ಬ್ರೇಕ್ ಒತ್ತಿದರೆ ಅದೇ ಮೋಟಾರು ಉಲ್ಟಾ ಕೆಲಸ ಮಾಡಿ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ಬೇರೆ ಗಾಡಿಯಲ್ಲಿ ಬ್ರೇಕಿನ ಬಿಸಿಯಾಗಿ ಹಾಳಾಗುವ ಶಕ್ತಿ ಇಲ್ಲಿ ಗಂಟಿಗೆ ಸೇರುತ್ತದೆ. ಚಿಕ್ಕ ಮಗ ಇನ್ನೊಂದು ಮೋಟಾರು. ತಂದೆಯನ್ನು ಎಬ್ಬಿಸುವುದೂ ಅವನೇ, ತಂದೆ ದುಡಿಯುವಾಗ ಪಕ್ಕದಲ್ಲಿ ಕೂತು ಕರೆಂಟು ಮಾಡುವುದೂ ಅವನೇ. ಯಾರು ಯಾವಾಗ ರಂಗಕ್ಕೆ ಬರಬೇಕು ಎಂಬುದನ್ನು ಕಂಪ್ಯೂಟರ್ ಎಂಬ ನಿರ್ದೇಶಕ ನೋಡಿಕೊಳ್ಳುತ್ತಾನೆ. ಗೇರ್ ಬದಲಿಸುವ ತಲೆಬಿಸಿ ನಮಗಿಲ್ಲ.

ತಿಕೋಟಾದಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: "ಚಾರ್ಜಿಂಗ್ ಎಲ್ಲಿ ಹಚ್ಚತೀರಿ?" ಎಲ್ಲೂ ಹಚ್ಚುವುದಿಲ್ಲ ಸ್ವಾಮಿ! ಇದಕ್ಕೆ ಪ್ಲಗ್ಗೇ ಇಲ್ಲ. ಪೆಟ್ರೋಲ್ ಹಾಕಿಸಿದರೆ ಮುಗಿಯಿತು.

ಈ ಜಾತಿಯ ಕಾರು ಮೊದಲು ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ, ಜಪಾನಿನಲ್ಲಿ. ಹೆಸರು ಟೊಯೋಟಾ ಪ್ರಿಯಸ್. 2003ರ ಆಸ್ಕರ್ ಸಮಾರಂಭಕ್ಕೆ ಹಾಲಿವುಡ್ಡಿನ ಕೆಲವು ತಾರೆಯರು ಉದ್ದನೆಯ ಲಿಮೋಸಿನ್ ಬಿಟ್ಟು ಪ್ರಿಯಸ್ಸಿನಲ್ಲಿ ಬಂದಿಳಿದರು. ಫೋಟೋಗಳು ಜಗತ್ತು ಸುತ್ತಿದವು. ಪ್ರಿಯಸ್ ಇಂಡಿಯಾಕ್ಕೆ ಬಂದದ್ದು 2010ರಲ್ಲಿ. 2013ರಿಂದ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. 2022ರಲ್ಲಿ ಅದೇ ಬಿಡದಿಯಿಂದ ಹೈರೈಡರ್, ಮಾರುತಿಯವರ ಗ್ರ್ಯಾಂಡ್ ವಿಟಾರಾ ಹೊರಬಂದವು. ಆ ವರ್ಷ ನವೆಂಬರ್ 25ಕ್ಕೆ ಇನ್ನೋವಾ ಹೈಕ್ರಾಸ್ ಅನಾವರಣವಾಯಿತು. ನಾಲ್ಕೇ ದಿನಕ್ಕೆ, 29ರಂದು, ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡರು. ಕಿರ್ಲೋಸ್ಕರ್ ಅಂದರೆ ನೇಗಿಲು, ಬಾವಿ ಪಂಪು ಎನ್ನುತ್ತಿದ್ದ ನಮ್ಮ ಸೀಮೆಯ ಹಿರಿಯರೂ ಆ ದಿನ ಅವರ ಹೆಸರು ತೆಗೆದರು. ನಮ್ಮ ಗಾಡಿ ಯಾವುದು ಎಂದು ಮಾತ್ರ ಕೇಳಬೇಡಿ. ಜಾಹೀರಾತು ಆದೀತು!

ಊರಾಗ ಹುಲಿ, ರೋಡಿನ್ಯಾಗ ಸಾಧು

ಡ್ಯಾಶ್‌ಬೋರ್ಡಿನ ಡ್ರಾದಲ್ಲಿ ನನ್ನದೊಂದು ನೋಟ್‌ಬುಕ್ ಇದೆ. ಪೆಟ್ರೋಲ್ ಹಾಕಿಸಿದಾಗೆಲ್ಲ ಬರೆದಿಟ್ಟ ಲೆಕ್ಕ. ಗಾಂಧಿ ಚೌಕದಿಂದ ಸಿದ್ಧೇಶ್ವರ ಗುಡಿಯ ಕಡೆಗೆ ಆಟೋ, ಕೈಗಾಡಿ, ದನಗಳ ನಡುವೆ ನಿಂತು ನಿಂತು ಹೋಗುವಾಗ ಬೇರೆ ಕಾರುಗಳು ಪೆಟ್ರೋಲ್ ಕುಡಿಯುತ್ತವೆ. ಇದು ಅಲ್ಲೇ ಲೀಟರಿಗೆ 24, 25 ಕೊಡುತ್ತದೆ. ಅಥಣಿ ರಸ್ತೆಯಲ್ಲಿ ಎಂಬತ್ತರ ವೇಗಕ್ಕೆ 22. ಒಮ್ಮೆ ತಾಸಗಾಂವ್ ಒಣದ್ರಾಕ್ಷಿ ಪೇಟೆಗೆ ಹೊತ್ತಾಯಿತೆಂದು ನೂರರ ಮೇಲೆ ತುಳಿದೆ. ಹದಿನೇಳಕ್ಕೆ ಇಳಿಯಿತು! ಬ್ರೇಕೇ ಹಾಕದ ರಸ್ತೆಯಲ್ಲಿ ಮಕ್ಕಳಿಬ್ಬರಿಗೂ ಕೆಲಸ ಕಡಿಮೆ, ತಂದೆಯೇ ದುಡಿದು ಸಾಯಬೇಕು.

ನಮ್ಮ ಬಿಸಿಲಿನ ಮಾತೂ ಹೇಳಬೇಕು. ಇಲ್ಲಿ ಏ.ಸಿ. ಓಡುವುದು ದೊಡ್ಡ ಬ್ಯಾಟರಿಯಿಂದ. ಏಪ್ರಿಲ್, ಮೇ ತಿಂಗಳಲ್ಲಿ ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿ ಏ.ಸಿ. ಹಾಕಿಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ಬ್ಯಾಟರಿ ಇಳಿದು ಎಂಜಿನ್ ತಾನಾಗಿಯೇ ಗುರ್ ಎನ್ನುತ್ತದೆ. ಮೊದಲ ಸಲ ನಾನು ಬೆಚ್ಚಿಬಿದ್ದೆ.

ಇನ್ನು ದುಡ್ಡಿನ ಲೆಕ್ಕ. ಆಸ್ಪತ್ರೆ, ಪೇಟೆ, ಬೀಗರ ಊರು ಎಲ್ಲ ಸೇರಿ ನಮ್ಮದು ವರ್ಷಕ್ಕೆ ಸುಮಾರು 15,000 ಕಿಲೋಮೀಟರ್ ಓಟ. ಅಷ್ಟೇ ದೊಡ್ಡ ಬರೀ ಪೆಟ್ರೋಲಿನ ಗಾಡಿ ಲೀಟರಿಗೆ 14 ಕೊಟ್ಟರೆ 1,070 ಲೀಟರ್ ಬೇಕು. ನಮ್ಮದು 22ರ ಸರಾಸರಿಯಲ್ಲಿ 680 ಲೀಟರಿಗೆ ಮುಗಿಸುತ್ತದೆ. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ 39,000 ಉಳಿತಾಯ. ಆದರೆ ಕೊಳ್ಳುವಾಗ ಸುಮಾರು ಮೂರು ಲಕ್ಷ ಹೆಚ್ಚು ಕೊಟ್ಟಿದ್ದೇವಲ್ಲ! ಅದು ವಾಪಸ್ ಬರಲು ಏಳೆಂಟು ವರ್ಷ ಬೇಕು. ಬ್ಯಾಟರಿಯ ಗ್ಯಾರಂಟಿಯೂ 8 ವರ್ಷ ಅಥವಾ 1,60,000 ಕಿಲೋಮೀಟರ್. ತೆರಿಗೆಯಲ್ಲೂ ರಿಯಾಯಿತಿ ಸಿಗಲಿಲ್ಲ. ನಮ್ಮಂಥ ದೊಡ್ಡ ಹೈಬ್ರಿಡ್ಡಿಗೆ ಜಿಎಸ್‌ಟಿ, ಸೆಸ್ ಸೇರಿ ಶೇಕಡಾ 43 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40 ಆಯಿತು. ಪೂರ್ತಿ ಕರೆಂಟಿನ ಕಾರಿಗೆ ಐದೇ ಐದು! ಊರಲ್ಲಿ ದಿನಾ ಓಡಿಸುವವನಿಗೆ ಇದು ಸೈ. ಹಬ್ಬ ಹುಣ್ಣಿವೆಗೆ ಹೊರತೆಗೆಯುವವನಿಗೆ ದಂಡ.

ಆ ದಿನ ಬಬಲೇಶ್ವರದಾಗ...

ಇಷ್ಟನ್ನು ಯಾವ ಶೋರೂಮಿನವರೂ ಹೇಳಿಯಾರು. ಅವರು ಹೇಳದ ಒಂದು ಸಂಗತಿಗಾಗಿ ಈ ಲೇಖನ ಬರೆಯುತ್ತಿದ್ದೇನೆ.

ಬಬಲೇಶ್ವರ ಚಿಗವ್ವನ ತವರೂರು. ಒಂದು ದಿನ ಡಯಾಲಿಸಿಸ್ ಮುಗಿಸಿದವಳೇ, "ತಮ್ಮಾ, ಅವ್ವನ್ನ ನೋಡಬೇಕನಸೇತಿ, ಹಂಗ ಬಬಲೇಶ್ವರಕ್ಕ ಬಿಡು," ಅಂದಳು. ಊರು ದಾಟುವುದರೊಳಗೆ ನಿದ್ದೆ ಹೋದಳು. ನಾಲ್ಕು ತಾಸು ಸೂಜಿ ಚುಚ್ಚಿಸಿಕೊಂಡು ಮಲಗಿದ್ದವಳಿಗೆ ಆ ನಿದ್ದೆ ಎಂಥದ್ದೆಂದು ನನಗೆ ಗೊತ್ತು.

ಬಬಲೇಶ್ವರದ ಓಣಿ ಹೊಕ್ಕಾಗ ಎಂಜಿನ್ ಬಂದಾಗಿತ್ತು. ಕಾರು ಕರೆಂಟಿನ ಮೇಲೆ ತೇಲುತ್ತ ಹೊರಟಿತ್ತು. ಮುಂದೆ ಒಬ್ಬ ಅಜ್ಜ, ಕೈಯಲ್ಲಿ ಆಡಿನ ಹಗ್ಗ, ಓಣಿಯ ನಡುವೆಯೇ ನಡೆದಿದ್ದ. ಹಾರ್ನ್ ಒತ್ತಲು ಕೈ ಎತ್ತಿದೆ. ಕನ್ನಡಿಯಲ್ಲಿ ಚಿಗವ್ವನ ಮುಖ ಕಂಡಿತು. ಏಳಿಸುವುದು ಬೇಡ, ಅಜ್ಜ ಹೇಗೂ ಸರಿಯುತ್ತಾನೆ ಅಂದುಕೊಂಡು ಕೈ ಇಳಿಸಿದೆ.

ಅಜ್ಜ ಹೇಗೆ ಸರಿದಾನು? ಅವನಿಗೆ ಸಪ್ಪಳವೇ ಇಲ್ಲ. ಆಡು ಹಗ್ಗ ಜಗ್ಗಿತು, ಅಜ್ಜ ಹಿಂದಕ್ಕೆ ಎರಡು ಹೆಜ್ಜೆ ಬಂದ, ನಾನು ಬ್ರೇಕ್ ತುಳಿದೆ. ಬಂಪರ್ ಅವನ ಧೋತರಕ್ಕೆ ತಾಗಿಯೇಬಿಟ್ಟಿತು! ಅಜ್ಜ ಕೂತಲ್ಲಿ ಕೂತ. ಮೊಣಕಾಲು ಕೆತ್ತಿ ರಕ್ತ ಬಂತು. ದೇವರು ದೊಡ್ಡವನು, ಅಷ್ಟರಲ್ಲೇ ಹೋಯಿತು.

ಓಡಿಹೋಗಿ ಎತ್ತಿದೆ. ಬೈಯುತ್ತಾನೆಂದು ಕಾದೆ. ಅಜ್ಜ ನನ್ನನ್ನೂ ನೋಡಿದ, ಕಾರನ್ನೂ ನೋಡಿದ.

"ಗಾಡಿ ಅಂದ್ರ ಗಾಡಿ ಬಂದಂಗ ಬರಬೇಕಪಾ. ಹಾವು ಬಂದಂಗ ಬಂದ್ರ ನಮ್ಮಂಥವ್ರು ಏನ್ ಮಾಡೂದು?"

ನನ್ನ ಬಾಯಲ್ಲಿ ಮಾತಿರಲಿಲ್ಲ. ಪಿಸುಮಾತನ್ನೂ ಏಳೇಳು ಸಲ ಕೇಳಿಸುವ ಗೋಳಗುಮ್ಮಟದ ಜಿಲ್ಲೆಯವರು ನಾವು, ಕಿವಿ ನಂಬಿ ಬದುಕುವವರು. ಬೆನ್ನ ಹಿಂದೆ ಟ್ರ್ಯಾಕ್ಟರೋ ಮೋಟರ್‌ಸೈಕಲ್ಲೋ ಎಂದು ತಿರುಗಿ ನೋಡದೆ ಹೇಳುವ ಅಜ್ಜನಿಗೆ ನಾನು ಮೋಸ ಮಾಡಿದ್ದೆ.

ಆಮೇಲೆ ತಿಳಿದದ್ದು: ಈ ಅಪಾಯ ಜಗತ್ತಿಗೆಲ್ಲ ಗೊತ್ತಿದೆ! ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಗಳಿಗೆ, 2021ರ ಜುಲೈಯಿಂದ ಎಲ್ಲ ಹೊಸ ಹೈಬ್ರಿಡ್ ಮತ್ತು ಕರೆಂಟಿನ ಕಾರುಗಳಿಗೆ ಕಾನೂನು ಆಗಿದೆ. ಮೆಲ್ಲಗೆ ಹೋಗುವಾಗ ಕಾರೇ ಒಂದು ಸದ್ದು ಹೊರಡಿಸಬೇಕು. ಇಲ್ಲಿಯ ಕೆಲವು ಮಾದರಿಗಳಲ್ಲೂ ಆ ವ್ಯವಸ್ಥೆ ಬಂದಿದೆ. ನಮ್ಮ ಗಾಡಿಯಲ್ಲಿಲ್ಲ. ಅದಿಲ್ಲದಿದ್ದರೆ ಡ್ರೈವರನಿಗೆ ಹಾರ್ನ್ ಇದ್ದೇ ಇತ್ತಲ್ಲ? ತಪ್ಪು ನನ್ನದೇ.

ಅಜ್ಜನ ಮೊಣಕಾಲಿಗೆ ಪಟ್ಟಿ ಕಟ್ಟಿಸಿ, ಮನೆತನಕ ಬಿಟ್ಟು ಬಂದೆವು. ಚಿಗವ್ವ ಎಚ್ಚರವಾಗಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಹಾರ್ನ್ ಯಾಕ್ ಹೊಡೀಲಿಲ್ಲೋ?"

"ನೀ ಮಲಗಿದ್ದೆಲ್ಲ ಚಿಗವ್ವ..."

ಆಕೆ ಬಹಳ ಹೊತ್ತು ಕಿಟಕಿಯಾಚೆ ನೋಡಿದಳು. "ನನ್ನ ನಿದ್ದಿ ಸಲುವಾಗಿ ಯಾರದೋ ಕಾಲು ಮುರೀಬ್ಯಾಡ. ಹೊಡಿ ಹಾರ್ನ್. ನಾ ಮತ್ತ ಮಲಗತೀನಿ," ಅಂದಳು.

ಹೈಬ್ರಿಡ್ ಕೊಳ್ಳುವ ಮನಸ್ಸಿದ್ದರೆ ಕೊಳ್ಳಿರಿ, ಬೇಡ ಅನ್ನುವುದಿಲ್ಲ. ಲೆಕ್ಕ ಮೇಲೆ ಕೊಟ್ಟಿದ್ದೇನೆ. ಊರೊಳಗೆ ಹೊಕ್ಕ ಕೂಡಲೇ ಕಿಟಕಿ ಇಳಿಸಿರಿ, ಕಾಲು ಬ್ರೇಕಿನ ಮೇಲಿಡಿರಿ, ಮುದುಕರು, ಮಕ್ಕಳು ಕಂಡರೆ ದೂರದಿಂದಲೇ ಮೆಲ್ಲಗೆ ಒಮ್ಮೆ ಹಾರ್ನ್ ಒತ್ತಿರಿ.

ಇದನ್ನು ಆಸ್ಪತ್ರೆಯ ಅಂಗಳದಲ್ಲಿ, ಅದೇ ಕಾರಿನ ಸೀಟಿನ ಮೇಲೆ ಕೂತು ಬರೆಯುತ್ತಿದ್ದೇನೆ. ಚಿಗವ್ವ ಹೊರಬರಲು ಇನ್ನೂ ಅರ್ಧ ತಾಸು ಇದೆ. ಇವತ್ತು ತಿಕೋಟಾ ಮುಟ್ಟುವುದರೊಳಗೆ ಆಕೆಯನ್ನು ಎಷ್ಟು ಸಲ ಎಬ್ಬಿಸಬೇಕೋ! ಪ್ರತಿ ಸಲ ಹಾರ್ನ್ ಕೇಳಿ ಕಣ್ಣು ತೆರೆಯುತ್ತಾಳೆ, ಮುಂದೆ ಯಾರಿದ್ದಾರೆ ಎಂದು ನೋಡುತ್ತಾಳೆ, ಅವರು ಸರಿದ ಮೇಲೆ ಮತ್ತೆ ಕಣ್ಣು ಮುಚ್ಚುತ್ತಾಳೆ.