ಗೂಡು, ತೋರಣ, ದಾನಶಾಲೆ: ಲಂಕೆಯ ವೆಸಕ್ ಬೆಳಕು

ವೈಶಾಖದ ಹುಣ್ಣಿಮೆಗೆ ಇನ್ನೂ ಒಂದೆರಡು ವಾರವಿರುವಾಗಲೇ ಶ್ರೀಲಂಕೆಯ ಮನೆಗಳ ಜಗಲಿಯ ಮೇಲೆ ಬಿದಿರಿನ ಸೀಳುಗಳು ಬಂದು ಬೀಳುತ್ತವೆ. ಹುಡುಗರು ಅವನ್ನು ಅಳತೆಗೆ ಕತ್ತರಿಸಿ, ನೂಲಿನಿಂದ ಬಿಗಿದು ಚೌಕಟ್ಟು ಕಟ್ಟುತ್ತಾರೆ. ಮನೆಯ ಹೆಣ್ಣುಮಕ್ಕಳು ಅಂಟು ಕಲಸಿಕೊಂಡು, ಬಣ್ಣದ ತೆಳುಕಾಗದವನ್ನು ಸುಕ್ಕಾಗದಂತೆ ಹಚ್ಚುತ್ತಾರೆ. ಹುಣ್ಣಿಮೆಯ ಸಂಜೆ ಒಳಗೊಂದು ದೀಪವಿಟ್ಟು ಅದನ್ನು ಬಾಗಿಲ ಮುಂದೆ ತೂಗುಹಾಕಿದರೆ, ಬೀದಿಗೆ ಬೀದಿಯೇ ಬೇರೆ ರೂಪ ತಾಳುತ್ತದೆ.

ಇದು ವೆಸಕ್, ನಮ್ಮ ಪಂಚಾಂಗದ ಬುದ್ಧ ಪೂರ್ಣಿಮೆ. ದೀಪಗಳ ಹಬ್ಬವೆಂದರೆ ನಮಗೆ ಆಶ್ವಯುಜದ ಅಮಾವಾಸ್ಯೆಯ ಕತ್ತಲು ನೆನಪಾಗುತ್ತದೆ. ಲಂಕೆಯ ಬೌದ್ಧರು ದೀಪ ಹಚ್ಚುವುದು ತುಂಬು ಬೆಳದಿಂಗಳಲ್ಲಿ. ಆಕಾಶದಲ್ಲಿ ಅಷ್ಟು ಬೆಳಕಿರುವಾಗ ನೆಲದ ಮೇಲೆ ದೀಪ ಏಕೆ? ಅದಕ್ಕೆ ಉತ್ತರ ಧರ್ಮಗ್ರಂಥದಲ್ಲಿ ಸ್ವಲ್ಪ, ಆ ದ್ವೀಪದ ಚರಿತ್ರೆಯಲ್ಲಿ ಬಹಳಷ್ಟು ಇದೆ.

ಒಂದು ಹುಣ್ಣಿಮೆ, ಮೂರು ಸಂಗತಿ

ಥೇರವಾದ ಸಂಪ್ರದಾಯದ ಪ್ರಕಾರ ಸಿದ್ಧಾರ್ಥನು ಲುಂಬಿನಿಯಲ್ಲಿ ಹುಟ್ಟಿದ್ದು, ಬೋಧಗಯೆಯ ಅರಳಿಮರದ ಕೆಳಗೆ ಬುದ್ಧನಾದದ್ದು, ಕುಶಿನಗರದಲ್ಲಿ ಪರಿನಿರ್ವಾಣ ಹೊಂದಿದ್ದು - ಈ ಮೂರೂ ವೈಶಾಖದ ಹುಣ್ಣಿಮೆಯಂದೇ. ಸಿಂಹಳೀಯರು ಇದಕ್ಕೆ ಮತ್ತೊಂದನ್ನು ಸೇರಿಸುತ್ತಾರೆ: ಬುದ್ಧನು ತಮ್ಮ ದ್ವೀಪಕ್ಕೆ ಮೂರನೆಯ ಬಾರಿ ಬಂದು ಕೆಲನಿಯದಲ್ಲಿ ಕಾಲಿಟ್ಟದ್ದೂ ಇದೇ ದಿನ ಎಂಬ ನಂಬಿಕೆ. ಕ್ರಿ. ಶ. ಐದನೆಯ ಶತಮಾನದ ಸುಮಾರಿಗೆ ಪಾಲಿ ಭಾಷೆಯಲ್ಲಿ ರಚಿತವಾದ 'ಮಹಾವಂಸ' ಕಾವ್ಯದಲ್ಲಿ ದುಟ್ಠಗಾಮಣಿ ಎಂಬ ದೊರೆ ಇಪ್ಪತ್ತನಾಲ್ಕು ಬಾರಿ ವೈಶಾಖದ ಉತ್ಸವ ಮಾಡಿದನೆಂಬ ಉಲ್ಲೇಖವಿದೆ. ಅಂದರೆ ಹಬ್ಬ ಬಹಳ ಹಳೆಯದು. ಇಂದು ಕಾಣುವ ಅದರ ರೂಪ ಮಾತ್ರ ಅಷ್ಟು ಹಳೆಯದಲ್ಲ.

ಹಗಲು ಹಬ್ಬ ಶಾಂತವಾಗಿರುತ್ತದೆ. ಬಿಳಿಬಟ್ಟೆ ಉಟ್ಟವರು ಬೆಳಗ್ಗೆಯೇ ವಿಹಾರಕ್ಕೆ ಹೋಗಿ ಅಷ್ಟಶೀಲ ಸ್ವೀಕರಿಸುತ್ತಾರೆ. ಅಂದು ಮಧ್ಯಾಹ್ನದ ನಂತರ ಊಟವಿಲ್ಲ, ಹಾಡು-ಕುಣಿತವಿಲ್ಲ, ಹೂವು-ಗಂಧದ ಅಲಂಕಾರವಿಲ್ಲ, ಮೆತ್ತನೆಯ ಎತ್ತರದ ಆಸನವಿಲ್ಲ. ಧ್ಯಾನ, ಪ್ರವಚನ, ಬೋಧಿವೃಕ್ಷದ ಪೂಜೆಯಲ್ಲಿ ದಿನ ಕಳೆಯುತ್ತದೆ. ಹೆಂಡದಂಗಡಿ, ಮಾಂಸದಂಗಡಿಗಳು ಮುಚ್ಚಿರುತ್ತವೆ. ಸೂರ್ಯ ಮುಳುಗಿದ ಮೇಲೆ ಊರಿಗೆ ಊರೇ ಬೀದಿಗಿಳಿಯುತ್ತದೆ.

ಬೀದಿಗಿಳಿದ ಕನ್ನಡಿಗನಿಗೆ ಅಲ್ಲಿ ಮೂರು ಮಾತುಗಳು ಕಿವಿಗೆ ಬೀಳುತ್ತವೆ. ಮೂರೂ ಅವನಿಗೆ ಪರಿಚಿತವೇ.

ಗೂಡು

ಮೊದಲನೆಯದು 'ವೆಸಕ್ ಕೂಡು'. ಸಿಂಹಳದಲ್ಲಿ 'ಕೂಡುವ' ಎಂದರೆ ಗೂಡು, ಪಂಜರ. ತಮಿಳಿನ 'ಕೂಡು', ನಮ್ಮ 'ಗೂಡು' ಇದರ ನೆಂಟರೆಂದು ಹೇಳಲು ನಿಘಂಟು ಬೇಕಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಕಡೆ ದೀಪಾವಳಿಗೆ ಕಟ್ಟುವ ಕಾಗದದ ದೀಪವನ್ನು 'ಗೂಡುದೀಪ' ಎಂದೇ ಕರೆಯುತ್ತಾರಲ್ಲ! ಕೈಕೆಲಸವೂ ಒಂದೇ: ಬಿದಿರು, ಕಾಗದ, ಅಂಟು, ಒಳಗೊಂದು ಬತ್ತಿ.

ಲಂಕೆಯ ಗೂಡುಗಳಲ್ಲಿ ಹೆಸರಾದದ್ದು 'ಅಟಪಟ್ಟಮ', ಅಂದರೆ ಎಂಟು ಮುಖದ್ದು. ಬಿದಿರ ಸೀಳಿನಿಂದ ಮಾಡಿದ ಆರು ಚೌಕಗಳನ್ನು ಮೂಲೆಗೆ ಮೂಲೆ ತಾಗುವಂತೆ ಕಟ್ಟಿದರೆ, ಚೌಕಗಳ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ಕ್ಷೇತ್ರಗಣಿತ ಓದದ ಮುದುಕರು ಮೊಮ್ಮಕ್ಕಳಿಗೆ ಇದನ್ನು ಕಲಿಸುತ್ತಾರೆ. ಕೆಳಗೆ ಗಾಳಿಪಟದ ಬಾಲಂಗೋಚಿಯಂತೆ ಕಾಗದದ ಪಟ್ಟಿಗಳನ್ನು ಇಳಿಬಿಡುತ್ತಾರೆ. ಕಮಲ, ನಕ್ಷತ್ರ, ದೋಣಿ, ತಿರುಗುವ ಚಕ್ರ - ಕಟ್ಟುವವನ ಕೈಚಳಕಕ್ಕೆ ತಕ್ಕಂತೆ ಆಕಾರಗಳು ಬದಲಾಗುತ್ತವೆ. ಅಂಗಳದಲ್ಲಿ ತೆಂಗಿನೆಣ್ಣೆಯ ಮಣ್ಣಿನ ಹಣತೆಗಳ ಸಾಲು ಬೇರೆ.

ಮೇ ತಿಂಗಳು ಲಂಕೆಯ ನೈಋತ್ಯ ಭಾಗದಲ್ಲಿ ಮುಂಗಾರು ಕಾಲಿಡುವ ಹೊತ್ತು. ಹದಿನೈದು ದಿನ ಕೂತು ಕಟ್ಟಿದ ಗೂಡು ಒಂದು ಜೋರು ಮಳೆಗೆ ತೊಪ್ಪೆಯಾಗುವುದುಂಟು. ದೀಪವನ್ನು ಅರ್ಪಿಸುವಾಗ ಬೌದ್ಧ ಗೃಹಸ್ಥನು ನೆನೆಯಬೇಕಾದದ್ದೂ ಅದನ್ನೇ. ಎಣ್ಣೆ ತೀರಿದರೆ ದೀಪವಿಲ್ಲ, ಈ ದೇಹವೂ ಹಾಗೆಯೇ. ಬುದ್ಧನಿಗೆ ಬೆಳಕಿನ ಅಗತ್ಯವಿಲ್ಲ, ಹಚ್ಚುವವನಿಗೆ ಅನಿತ್ಯದ ಅರಿವು ಆಗಲೆಂಬುದು ದೀಪಪೂಜೆಯ ಅರ್ಥ. ಕತ್ತಲೆಯೆಂದರೆ ಅಜ್ಞಾನ, ಬೆಳಕೆಂದರೆ ಅರಿವು ಎಂಬ ಮಾತಂತೂ ನಮಗೂ ಹೊಸದಲ್ಲ.

ತೋರಣ

ಎರಡನೆಯ ಮಾತು ತೋರಣ. ನಮ್ಮಲ್ಲಿ ಅದು ಮಾವಿನೆಲೆಯದು, ಬಾಗಿಲಿನ ಅಳತೆಯದು. ಅವರಲ್ಲಿ ಅದು ಹಲವು ಅಂತಸ್ತಿನ ಕಟ್ಟಡದಷ್ಟು ಎತ್ತರದ್ದು. ಬಿದಿರು, ಅಡಿಕೆ ಮರದ ಕಂಬಗಳನ್ನು ನಿಲ್ಲಿಸಿ, ಅದರ ಮೇಲೆ ಬಣ್ಣದ ಚಿತ್ರಫಲಕಗಳನ್ನು ಜೋಡಿಸುತ್ತಾರೆ. ನಡುವೆ ಬುದ್ಧನ ಆಕೃತಿ, ಸುತ್ತಲೂ ಒಂದು ಕಥೆಯ ದೃಶ್ಯಗಳು. ಸಾವಿರಾರು ಬಣ್ಣದ ಬಲ್ಬುಗಳು ಸರದಿಯಂತೆ ಹೊತ್ತಿ ಆರಿ, ಬೆಳಕೇ ಚಕ್ರದಂತೆ ತಿರುಗುವ ಭ್ರಮೆ ಹುಟ್ಟಿಸುತ್ತವೆ. ಧ್ವನಿವರ್ಧಕದಲ್ಲಿ ಕಥೆಯನ್ನು ಪದ್ಯರೂಪದಲ್ಲಿ ಹೇಳುತ್ತಿದ್ದಂತೆ ಆಯಾ ಫಲಕ ಬೆಳಗುತ್ತದೆ. ಕೊಲಂಬೊದ ಪೇಟ, ಗ್ರ್ಯಾಂಡ್‌ಪಾಸ್, ದೆಮಟಗೊಡ ಮೊದಲಾದ ಕಡೆಯ ತೋರಣಗಳನ್ನು ನೋಡಲು ಹಳ್ಳಿಗಳಿಂದ ಜನ ಬರುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಾರೆ.

ಕಥೆಗಳು ಬಹುಪಾಲು ಜಾತಕದವು. ಪಾಲಿ ಸಂಗ್ರಹದಲ್ಲಿ 547 ಜಾತಕಗಳಿವೆ. ಎಲ್ಲವನ್ನೂ ದಾನ ಮಾಡಿ ಕೊನೆಗೆ ಮಕ್ಕಳನ್ನೂ ಕೊಟ್ಟುಬಿಟ್ಟ ವೆಸ್ಸಂತರ, ಅತಿಥಿಗಾಗಿ ಬೆಂಕಿಗೆ ಹಾರಿದ ಮೊಲ ಇಂಥವು ಜನಕ್ಕೆ ಪ್ರಿಯ. ಜಾತಕದ ಹೊರಗಿನ ಅಂಗುಲಿಮಾಲ, ಪಟಾಚಾರೆಯರ ಕಥೆಗಳೂ ಬರುತ್ತವೆ. ನಮ್ಮ ಹಳ್ಳಿಯವರು ರಾಮಾಯಣ, ಭಾರತಗಳನ್ನು ಬಯಲಾಟದಲ್ಲಿ ಕಲಿತಂತೆ, ಅಕ್ಷರ ಬಾರದ ಸಿಂಹಳೀಯನೂ ತನ್ನ ಧರ್ಮದ ಕಥೆಯನ್ನು ಬೀದಿಯಲ್ಲಿ ನಿಂತು ಕಲಿತ.

ಕೊಲಂಬೊದಲ್ಲಿ ಹೆಚ್ಚು ಜನ ಸೇರುವುದು ಬೇರೆ ಸರೋವರದ ಸುತ್ತ, ಗಂಗಾರಾಮ ವಿಹಾರದ ಬಳಿ. ಅಲ್ಲಿನ ಉತ್ಸವದ ಹೆಸರು 'ಬುದ್ಧರಶ್ಮಿ'. ಬೋಧಿ ಪಡೆದ ಬುದ್ಧನ ದೇಹದಿಂದ ಆರು ಬಣ್ಣದ ಕಿರಣಗಳು ಹೊಮ್ಮಿದವೆಂಬ ನಂಬಿಕೆಯಿಂದ ಬಂದ ಹೆಸರಿದು. ನೀಲಿ, ಹಳದಿ, ಕೆಂಪು, ಬಿಳಿ, ಕಿತ್ತಳೆ, ಕೊನೆಯದು ಈ ಐದೂ ಬೆರೆತದ್ದು. ಬೌದ್ಧ ಧ್ವಜದ ಪಟ್ಟಿಗಳೂ ಇವೇ.

ದಾನಶಾಲೆ

ಮೂರನೆಯದು 'ದನ್ಸಲ'. ದಾನಶಾಲೆ ಎಂಬುದು ಸಿಂಹಳದ ನಾಲಿಗೆಯಲ್ಲಿ ಸವೆದು ಹೀಗಾಗಿದೆ. ರಸ್ತೆಯ ಬದಿಯಲ್ಲಿ ಚಪ್ಪರ ಹಾಕಿ, ಬಂದವರಿಗೆಲ್ಲ ಪುಕ್ಕಟೆ ಊಟ ಬಡಿಸುವ ಜಾಗ. ಅನ್ನ-ಪಲ್ಯ, ಬೇಯಿಸಿದ ಕಡಲೆ, ಮರಗೆಣಸು, ಕಾಫಿ, ಶರಬತ್ತು, ಈಚೆಗೆ ಐಸ್‌ಕ್ರೀಮ್ ಕೂಡ. ಬೀದಿಯ ಹುಡುಗರು ಚಂದಾ ಎತ್ತಿ ನಡೆಸುವುದುಂಟು, ಕಚೇರಿ-ಕಾರ್ಖಾನೆಯವರು ಸೇರಿ ನಡೆಸುವುದುಂಟು. ರಾಮನವಮಿಗೆ ಪಾನಕ, ಕೋಸಂಬರಿ ಹಂಚುವ ನಮ್ಮ ಬೀದಿಗಳನ್ನು ಹತ್ತು ಪಾಲು ಹಿಗ್ಗಿಸಿ ನೋಡಿದರೆ ಅಂದಾಜು ಸಿಗುತ್ತದೆ. ಆಹಾರ ಕೆಟ್ಟು ಅನಾಹುತವಾಗದಿರಲೆಂದು ಆರೋಗ್ಯ ಪರಿವೀಕ್ಷಕರಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು.

ಇಲ್ಲಿ ಸಾಲಿನಲ್ಲಿ ನಿಂತವನ ಜಾತಿ, ಮತ, ಭಾಷೆ ಯಾರೂ ಕೇಳುವುದಿಲ್ಲ. ಕಾರಿನಲ್ಲಿ ಬಂದವನೂ ಬರಿಗಾಲಲ್ಲಿ ಬಂದವನೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಯುತ್ತಾರೆ. ತೋರಣದಲ್ಲಿ ಚಿತ್ರವಾಗಿ ನಿಂತ ವೆಸ್ಸಂತರನ ಕಥೆ ಹತ್ತು ಹೆಜ್ಜೆ ಆಚೆ ಅನ್ನವಾಗಿ ಬಡಿಸಲ್ಪಡುತ್ತದೆ. ಹಬ್ಬದ ತಿರುಳು ದೀಪಕ್ಕಿಂತ ಹೆಚ್ಚಾಗಿ ಇಲ್ಲಿದೆ ಎನ್ನುವವರಿದ್ದಾರೆ.

ಗಲಭೆಯಿಂದ ಬಂದ ರಜೆ

ಇಷ್ಟು ಸೌಮ್ಯವಾದ ಹಬ್ಬದ ಇಂದಿನ ರೂಪ ಹುಟ್ಟಿದ್ದು ಮಾತ್ರ ಒಂದು ಗಲಭೆಯ ನಂತರ. ಬ್ರಿಟಿಷರ ಆಳ್ವಿಕೆಯಲ್ಲಿ ಕ್ರಿಸ್‌ಮಸ್‌ಗೆ ರಜೆಯಿತ್ತು, ವೆಸಕ್‌ಗೆ ಇರಲಿಲ್ಲ. ಮುಂದೆ ಅನಾಗಾರಿಕ ಧರ್ಮಪಾಲ ಎಂದು ಪ್ರಸಿದ್ಧನಾಗಿ, 1891ರಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದವನು ಆಗ ಕ್ರೈಸ್ತ ಶಾಲೆಯೊಂದರ ವಿದ್ಯಾರ್ಥಿ. ವೆಸಕ್‌ಗೆ ರಜೆ ಕೇಳಿದ, ಕೊಡಲಿಲ್ಲ. ಕೊಡೆ ಎತ್ತಿಕೊಂಡು ಹೊರಟೇಬಿಟ್ಟ, ಮರುದಿನ ಛಡಿಯೇಟು ತಿಂದ. ಆತನೇ ಹೇಳಿಕೊಂಡ ಪ್ರಸಂಗವಿದು.

1883ರ ಮಾರ್ಚ್ 25, ಈಸ್ಟರ್ ಭಾನುವಾರ. ಕೊಲಂಬೊದ ಕೊಟಹೇನದಲ್ಲಿ ಬೌದ್ಧರ ಮೆರವಣಿಗೆಯೊಂದು ದೀಪದುತ್ತಮಾರಾಮ ವಿಹಾರದತ್ತ ಸಾಗುವಾಗ ಕ್ಯಾಥೊಲಿಕರೊಡನೆ ಘರ್ಷಣೆಯಾಯಿತು. ಸಾವು-ನೋವು ಸಂಭವಿಸಿತು. ತಪ್ಪಿತಸ್ಥರಿಗೆ ಶಿಕ್ಷೆಯಾಗಲಿಲ್ಲವೆಂಬ ಕೊರಗು ಬೌದ್ಧರಲ್ಲಿ ಉಳಿಯಿತು. ಅವರ ಅಹವಾಲನ್ನು 1884ರಲ್ಲಿ ಲಂಡನ್ನಿಗೆ ಕೊಂಡೊಯ್ದವನು ಕರ್ನಲ್ ಹೆನ್ರಿ ಆಲ್ಕಾಟ್. ಅಮೆರಿಕದ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿ, ಥಿಯಾಸಫಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬನಾಗಿ, 1880ರಲ್ಲಿ ಗಾಲ್ ಪಟ್ಟಣದಲ್ಲಿ ಪಂಚಶೀಲ ಸ್ವೀಕರಿಸಿದ್ದವನು ಆತ.

ಫಲವಾಗಿ 1885ರಲ್ಲಿ ವೆಸಕ್‌ಗೆ ಸರ್ಕಾರಿ ರಜೆ ದೊರೆಯಿತು. ಕೊಲಂಬೊದ ಸಮಿತಿಯೊಂದು ರೂಪಿಸಿದ ಬೌದ್ಧ ಧ್ವಜ ಅದೇ ವರ್ಷದ ಏಪ್ರಿಲ್ 28ರಂದು, ವೆಸಕ್ ದಿನ, ಅದೇ ದೀಪದುತ್ತಮಾರಾಮದಲ್ಲಿ ಹಾರಿತು. ವಿಹಾರದ ಒಳಗಿದ್ದ ಹಬ್ಬ ಬೀದಿಗೆ ಬಂತು. ಕ್ರಿಸ್‌ಮಸ್ ಕಾರ್ಡಿಗೆ ಪ್ರತಿಯಾಗಿ ವೆಸಕ್ ಕಾರ್ಡು, ಕ್ರಿಸ್‌ಮಸ್ ಗೀತೆಗೆ ಪ್ರತಿಯಾಗಿ ಬಿಳಿಬಟ್ಟೆಯ ಮಕ್ಕಳ 'ಭಕ್ತಿಗೀ' ಮೇಳಗಳು ಬಂದವು. ಎದುರಾಳಿಯಿಂದಲೇ ಕಲಿತು ಎದುರಾಳಿಗೆ ಉತ್ತರ ಕೊಡುವ ಈ ಬಗೆಯನ್ನು ಸಿಂಹಳದ ಮಾನವಶಾಸ್ತ್ರಜ್ಞ ಗಣನಾಥ ಒಬೆಯಸೇಕರ 'ಪ್ರಾಟೆಸ್ಟಂಟ್ ಬೌದ್ಧಧರ್ಮ' ಎಂದು ಕರೆದರು. ಕ್ರೈಸ್ತರ ಪ್ರಾಟೆಸ್ಟಂಟ್ ಪಂಥದ ಛಾಯೆ, ಪ್ರತಿಭಟನೆ ಎಂಬ ಅರ್ಥ ಎರಡೂ ಆ ಹೆಸರಿನಲ್ಲಿವೆ.

ಆಗ ಅದು ತುಳಿತಕ್ಕೆ ಸಿಕ್ಕವರ ದೀಪ. ಸ್ವಾತಂತ್ರ್ಯ ಬಂದ ಮೇಲೆ ಅದೇ ಬಹುಸಂಖ್ಯಾತರ ದೀಪವಾಯಿತು. 1983ರಿಂದ 2009ರವರೆಗಿನ ಅಂತರ್ಯುದ್ಧ ಮುಗಿದ ಬಳಿಕ ತಮಿಳರ ಯಾಳ್ಪಾಣದಲ್ಲಿ ಸೈನಿಕರು ವೆಸಕ್ ಗೂಡುಗಳನ್ನು ಕಟ್ಟಿದರು. ಗೂಡು ಅದೇ ಬಿದಿರು, ಅದೇ ಕಾಗದದ್ದು. ಆದರೆ ಕಟ್ಟಿದ ಕೈ ಯಾರದು, ನೋಡುವ ಕಣ್ಣು ಯಾರದು ಎಂಬುದರಿಂದ ಬೆಳಕಿನ ಅರ್ಥ ಬದಲಾಗುತ್ತದೆ.

ಇದಕ್ಕೆ ಎದುರಾಗಿ ಇಡಬಹುದಾದ ಇನ್ನೊಂದು ಸಂಗತಿಯೂ ಇದೆ. 1999ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ವೆಸಕ್ ದಿನಕ್ಕೆ ಮಾನ್ಯತೆ ನೀಡಿತು. ಅದಕ್ಕಾಗಿ ಮುಂದಾಗಿ ದುಡಿದವರು ಲಂಕೆಯ ಅಂದಿನ ವಿದೇಶಾಂಗ ಸಚಿವ ಲಕ್ಷ್ಮಣ ಕದಿರ್‌ಗಾಮರ್. ಅವರು ಬೌದ್ಧರಲ್ಲ, ಸಿಂಹಳೀಯರೂ ಅಲ್ಲ. ತಮಿಳು ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. 2005ರ ಆಗಸ್ಟ್‌ನಲ್ಲಿ ಅವರು ಗುಂಡಿಗೆ ಬಲಿಯಾದರು.

ದೀಪ ಕುಗ್ಗಿದ ವರ್ಷಗಳು

2019ರ ಏಪ್ರಿಲ್ 21, ಮತ್ತೆ ಈಸ್ಟರ್ ಭಾನುವಾರ. ಬಾಂಬು ಸಿಡಿದ ಚರ್ಚುಗಳಲ್ಲಿ ಒಂದು ಕೊಚ್ಚಿಕಡೆಯ ಸಂತ ಅಂತೋಣಿಯವರ ದೇವಾಲಯ. ಅದಿರುವುದು 1883ರ ಗಲಭೆ ನಡೆದ ಕೊಟಹೇನದ ಪರಿಸರದಲ್ಲಿಯೇ. ದೇಶದಾದ್ಯಂತ ಅಂದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಮೇ ತಿಂಗಳಲ್ಲಿ ಮುಸ್ಲಿಮರ ಮನೆ, ಅಂಗಡಿ, ಮಸೀದಿಗಳ ಮೇಲೆ ದಾಳಿಗಳು ನಡೆದವು. ಅದಾದ ಕೆಲವೇ ದಿನಕ್ಕೆ ಬಂದ ವೆಸಕ್ ಸಡಗರವಿಲ್ಲದೆ ಮುಗಿಯಿತು. 2020ರಲ್ಲಿ ಕೊರೊನಾ ಕರ್ಫ್ಯೂ, ಬೀದಿಯಲ್ಲಿ ಜನವಿಲ್ಲ, ತೋರಣವಿಲ್ಲ. 2022ರಲ್ಲಿ ಆರ್ಥಿಕ ಕುಸಿತ. ಗಂಟೆಗಟ್ಟಲೆ ವಿದ್ಯುತ್ ಕಡಿತ, ಸೀಮೆಎಣ್ಣೆಗೆ ಸಾಲು, ಬೀದಿಯಲ್ಲಿ ಹಿಂಸೆ. ಹಬ್ಬದ ಸಲುವಾಗಿ ಕರ್ಫ್ಯೂ ತೆಗೆಯಬೇಕಾಯಿತು.

ಅಂಥ ವರ್ಷಗಳಲ್ಲಿ ಉಳಿದದ್ದು ಮನೆಯ ಹಣತೆ. ಸಾವಿರ ಬಲ್ಬಿನ ತೋರಣಕ್ಕೆ ವಿದ್ಯುತ್ತು ಬೇಕು, ಹಣ ಬೇಕು, ಶಾಂತಿ ಬೇಕು. ಹಣತೆಗೆ ಒಂದು ಚಮಚ ತೆಂಗಿನೆಣ್ಣೆ ಸಾಕು.

ನಮ್ಮ ಕಡೆಯ ಎಳೆ

ಈ ಬೆಳಕಿಗೂ ಕನ್ನಡ ನೆಲಕ್ಕೂ ಹಳೆಯ ನಂಟಿದೆ. ಅಶೋಕನ ಕಾಲದಲ್ಲಿ ಮೊಗ್ಗಲಿಪುತ್ತ ತಿಸ್ಸನು ಧರ್ಮಪ್ರಚಾರಕ್ಕೆ ಭಿಕ್ಷುಗಳನ್ನು ದಿಕ್ಕುದಿಕ್ಕಿಗೆ ಕಳಿಸಿದ ವಿವರ 'ಮಹಾವಂಸ'ದಲ್ಲಿದೆ. ಮಹಿಂದ ಲಂಕೆಗೆ, ರಕ್ಖಿತ ವನವಾಸಕ್ಕೆ, ಮಹಾದೇವ ಮಹಿಸಮಂಡಲಕ್ಕೆ ಹೋದರಂತೆ. ವನವಾಸವೆಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಮಹಿಸಮಂಡಲ ಮೈಸೂರು ಸೀಮೆಯೆಂದು ಹಲವರ ಮತ, ಅದರ ಬಗ್ಗೆ ವಾದವಿದೆ. ಒಂದೇ ದೀಪದಿಂದ ಹೊತ್ತಿಸಿದ ಬತ್ತಿಗಳಲ್ಲಿ ಲಂಕೆಯದು ಆರದೆ ಉಳಿಯಿತು, ನಮ್ಮದು ಕಾಲಕ್ರಮದಲ್ಲಿ ಕ್ಷೀಣಿಸಿತು. ಸನ್ನತಿಯ ಸ್ತೂಪದ ಕಲ್ಲುಗಳು ಅದಕ್ಕೆ ಸಾಕ್ಷಿಯಾಗಿ ಬಿದ್ದಿವೆ.

ಆದರೂ ಪೂರ್ತಿ ಆರಿಲ್ಲ. ಬುದ್ಧನ 2500ನೆಯ ಪರಿನಿರ್ವಾಣ ವರ್ಷವನ್ನು ಆಚರಿಸಿದ 1956ರಲ್ಲಿಯೇ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿ ತೆರೆದರು. ಬೈಲುಕುಪ್ಪೆ, ಮುಂಡಗೋಡಿನ ಟಿಬೆಟನ್ ವಿಹಾರಗಳಲ್ಲಿ ಚಳಿಗಾಲದ ಒಂದು ರಾತ್ರಿ ಗುರು ತ್ಸೊಂಗ್‌ಖಾಪರ ನೆನಪಿಗೆ ಸಾಲುಸಾಲು ದೀಪ ಹಚ್ಚುತ್ತಾರೆ. ಅಲ್ಲಿ ಎಣ್ಣೆಯ ಬದಲು ಬೆಣ್ಣೆಯ ಬಟ್ಟಲು ಉರಿಯುವುದು ವಾಡಿಕೆ.

ಹಬ್ಬ ಮುಗಿದ ಮೇಲೆ ಲಂಕೆಯ ಬೀದಿಗಳಲ್ಲಿ ತೋರಣದ ಬಿದಿರು ಬಿಚ್ಚುತ್ತಾರೆ, ಬಲ್ಬುಗಳನ್ನು ಪೆಟ್ಟಿಗೆಗೆ ತುಂಬುತ್ತಾರೆ. ಮನೆಯ ಗೂಡಿನ ಕಾಗದ ಅಷ್ಟು ಹೊತ್ತಿಗೆ ಬಣ್ಣ ಬಿಟ್ಟಿರುತ್ತದೆ. ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನು ಅಟ್ಟದ ಮೇಲೆ ಎತ್ತಿಡುತ್ತಾರೆ. ಮುಂದಿನ ವರ್ಷ ಹೊಸ ಕಾಗದ ಹಚ್ಚಿದರಾಯಿತು.