ಕೆರೆ ಗೋಡಿಗೆ ಲೋಹ ಸೇರಿದರೆ ಜೀವಾಣುಗಳ ಗತಿ ಏನು?

ಬೇಸಿಗೆ ಬಂತೆಂದರೆ ಕೋಲಾರದ ಕಡೆ ಕೆರೆ ಗೋಡಿಗೆ ಟ್ರ್ಯಾಕ್ಟರ್‌ಗಳು ಸಾಲು ನಿಲ್ಲುತ್ತವೆ. ನಮ್ಮ ಕೆಂಪು ಮಣ್ಣಿಗೆ ಒಂದು ಸಲ ಗೋಡು ಹೊಡೆದರೆ ನಾಲ್ಕಾರು ವರ್ಷ ತೇವ ಹಿಡಿಯುತ್ತೆ, ರಾಗಿ ಬೇಗ ಬಾಡೋದಿಲ್ಲ. ಆದರೆ ಈಗ ಎಲ್ಲಾ ಕೆರೆಯ ಗೋಡೂ ಒಂದೇ ಅಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡಿತು, ಅದನ್ನು ಇಲ್ಲ ಅನ್ನೋದಿಲ್ಲ. ನನ್ನ ಪ್ರಶ್ನೆ ತಳದ ಮಣ್ಣಿನದು.

ಪಟ್ಟಣದ ಕೊಳಚೆಗೆ ಕಾರ್ಖಾನೆ ನೀರು ಬೆರೆತರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಸತು, ತಾಮ್ರ ಬರಬಹುದು. ಇವು ಹೆಚ್ಚಾಗಿ ನಯವಾದ ಜೇಡಿಗೆ ಅಂಟಿಕೊಂಡು ತಳ ಸೇರುತ್ತವೆ. ನಾವು ಆಸೆಪಟ್ಟು ತುಂಬಿಕೊಂಡು ಬರೋದೂ ಆ ಜೇಡಿಯನ್ನೇ!

ಕೆರೆ ತಳ ಕೆದಕಿದರೆ ಕಪ್ಪು ಕೆಸರು, ಕೊಳೆತ ಮೊಟ್ಟೆ ವಾಸನೆ. ಗಾಳಿಯಿಲ್ಲದ ಕಡೆ ಬದುಕುವ ಒಂದು ಜಾತಿ ಜೀವಾಣುಗಳು ಬಿಡುವ ಗಂಧಕದ ಅನಿಲ ಅದು. ಆ ಅನಿಲ ಲೋಹದ ಜೊತೆ ಕೂಡಿ ನೀರಲ್ಲಿ ಕರಗದ ಕಪ್ಪು ಪುಡಿಯಾಗುತ್ತೆ. ಅಂದರೆ ಜೀವಾಣುಗಳೇ ವಿಷವನ್ನು ಕಟ್ಟಿಹಾಕಿರುತ್ತವೆ. ಲೋಹ ಮಿತಿಮೀರಿದರೆ ನಾಜೂಕಿನವು ಸತ್ತು, ತಡೆದುಕೊಳ್ಳುವ ಕೆಲವೇ ಜಾತಿ ಉಳಿಯುತ್ತವೆ. ಲೋಹವನ್ನು ಮೈಯಿಂದ ಹೊರಗೆ ಹಾಕೋದರಲ್ಲೇ ಅವುಗಳ ಶಕ್ತಿ ಖರ್ಚು; ತಿಂದ ಮೇವು ಮೈಗೆ ಹತ್ತದ ದನದ ಹಾಗೆ. ಗೋಡು ಮೇಲೆ ತಂದು ಹರವಿದಾಗ ಗಾಳಿ ತಾಗಿ ಆ ಕಟ್ಟು ಬಿಚ್ಚುತ್ತೆ. ಹುಳಿ ಮಣ್ಣಾದರೆ ಇನ್ನೂ ಜಾಸ್ತಿ.

ಹೊಲದಲ್ಲಿ ಇದರಿಂದ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ವೋಬರ್ನ್ ಪ್ರಯೋಗ ನೋಡಿ. ಅಲ್ಲಿ 1942ರಿಂದ 1961ರವರೆಗೆ ಲೋಹ ಬೆರೆತ ಚರಂಡಿ ಗಸಿ ಹಾಕಿದ್ದರು. ನಿಲ್ಲಿಸಿ ಇಪ್ಪತ್ತು ವರ್ಷದ ಮೇಲೆ ಪರೀಕ್ಷಿಸಿದಾಗಲೂ ಕೊಟ್ಟಿಗೆ ಗೊಬ್ಬರದ ತಾಕಿಗಿಂತ ಆ ಮಣ್ಣಲ್ಲಿ ಜೀವಾಣುಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಕ್ಲೋವರ್ ಅನ್ನುವ ಮೇವಿನ ಗಿಡದ ಬೇರಲ್ಲಿ ಗಂಟೇನೋ ಕಟ್ಟಿತ್ತು, ಸಾರಜನಕ ಮಾತ್ರ ಹಿಡಿಯಲಿಲ್ಲ. ತೊಗರಿ, ಅವರೆ, ಕಡಲೆಕಾಯಿ ನಂಬಿ ಯೂರಿಯಾ ಉಳಿಸುವ ನಮ್ಮಂಥೋರಿಗೆ ಇದಕ್ಕಿಂತ ನಷ್ಟ ಯಾವುದು?

ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶ ಬರುತ್ತವೆ, ಸತು ತಾಮ್ರವೂ ಇವೆ. ಸೀಸ, ಕ್ಯಾಡ್ಮಿಯಂ ಇಲ್ಲ. ಅದಕ್ಕೆ ಬೇರೆಯಾಗಿ ಕೇಳಬೇಕು. ನೀರು ಬಂದು ಬೀಳುವ ಕಡೆಯದೊಂದು, ಏರಿ ಹತ್ತಿರದ ನಯ ಮಣ್ಣಿನದೊಂದು ಮಾದರಿ ತೆಗೆಯಿರಿ.

ಈಗಾಗಲೇ ಹೊಡೆದಿದ್ದರೆ ಹೂ ಬಿಡೋ ಹೊತ್ತಿಗೆ ಗೋಡು ಬಿದ್ದ ಕಡೆ, ಬೀಳದ ಕಡೆ ನಾಲ್ಕು ನಾಲ್ಕು ಗಿಡ ಅಗೆದು ಗಂಟು ಸೀಳಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ. ಬೆಳ್ಳಗೋ ಹಸಿರಾಗೋ ಇದ್ದರೆ ಅನುಮಾನ ಪಡಿ. ಹಾಗಂತ ತಕ್ಷಣ ಲೋಹ ಅಂದುಬಿಡಬೇಡಿ. ಗೋಡಿನಲ್ಲಿ ಸಾರಜನಕ ಜಾಸ್ತಿ ಇದ್ದರೂ ಗಂಟು ಕಮ್ಮಿಯಾಗುತ್ತೆ. ಹುಳಿ ಮಣ್ಣಿಗೆ ಸುಣ್ಣ, ಜೊತೆಗೆ ಕೊಟ್ಟಿಗೆ ಗೊಬ್ಬರ ಹಾಕಿದರೆ ಲೋಹದ ಕಾಟ ಸ್ವಲ್ಪ ತಗ್ಗುತ್ತೆ, ಆದರೆ ಲೋಹ ಹೋಗೋದಿಲ್ಲ.

ನಾವು ನಾಲ್ಕು ಜನ ಈ ಸಲ ಬರೀ ಮಳೆನೀರಿನ ಕುಂಟೆಯ ಗೋಡು ಹೊಡೀತಿದೀವಿ. ದೊಡ್ಡ ಕೆರೆಯದನ್ನು ಪರೀಕ್ಷೆ ಮಾಡಿಸಿಯೇ ಹಂಚಿ ಅಂತ ಪಂಚಾಯ್ತಿಗೆ ಅರ್ಜಿ ಕೊಟ್ಟಿದೀವಿ.