ಮೂಸ್ ಬೇಟೆಗೆ ಗೈಡ್ ಹುಡುಕುವ ಮುಂಚೆ ಆ ರಸ್ತೆಯ ಬಗ್ಗೆ ಕೇಳಿ

ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿರುವ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ಮೊನ್ನೆ ವಾಟ್ಸಾಪ್‌ನಲ್ಲಿ ಎರಡು ಲಿಂಕ್ ಕಳಿಸಿದ. "ಮಗಾ, ಮುಂದಿನ ವರ್ಷ ನ್ಯೂಫೌಂಡ್‌ಲ್ಯಾಂಡ್‌ಗೆ ಮೂಸ್ ಬೇಟೆಗೆ ಹೋಗೋಣ ಅಂತಿದೀವಿ. ಆಫೀಸಿನ ಇಬ್ರು ಬರ್ತಾರೆ. ವಿಮಾನ ಗಿಮಾನ ಬೇಡ, ಕಾರಲ್ಲೇ ಹೋಗೋದು. ಇದ್ರಲ್ಲಿ ಯಾವ್ದು ಒಳ್ಳೇದು ನೋಡಿ ಹೇಳು, ನೀನು ಜರ್ನಲಿಸ್ಟ್ ಅಲ್ವಾ?"

ಇವನ ಮನೆ ತೀರ್ಥಹಳ್ಳಿ ಕಡೆ. ಅಜ್ಜನ ಕೋವಿ ಗೋಡೆ ಮೇಲೆ ನೇತಾಡ್ತಿದ್ದದ್ದು ನೋಡಿ ಬೆಳೆದವನು, ಆದರೆ ಒಂದು ಗುಂಡೂ ಹೊಡೆದವನಲ್ಲ. ನಮ್ಮ ತಲೆಮಾರಿಗೆ ಶಿಕಾರಿ ಅಂದ್ರೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಉಳಿದಿದ್ದ ಬೇಟೆ ಲೈಸೆನ್ಸ್ ವ್ಯವಸ್ಥೆಯನ್ನೂ ತೆಗೆದುಹಾಕಿತು. ಹಾಗಾಗಿ ನನ್ನ ಮೊದಲ ಪ್ರತಿಕ್ರಿಯೆ "ಯಾಕೋ ಬೇಕು ಇದೆಲ್ಲ?" ಅಂತಲೇ ಆಗಿತ್ತು. ಆದರೆ ಓದ್ತಾ ಹೋದ ಹಾಗೆ ಗೊತ್ತಾಗಿದ್ದು, ಅವನು ಕೇಳಿದ ಪ್ರಶ್ನೆ ಟೂರ್ ಪ್ಯಾಕೇಜ್ ಪ್ರಶ್ನೆ ಅಲ್ಲ. ಕಾಡುಪ್ರಾಣಿ ಯಾರ ಆಸ್ತಿ, ಅದರಲ್ಲಿ ಹೊರಗಿನವನಿಗೆ ಎಷ್ಟು ಪಾಲು, ಆ ಪಾಲನ್ನು ಯಾರು ಮಾರಬಹುದು ಅನ್ನೋ ಪ್ರಶ್ನೆ. "ರಸ್ತೆಯಲ್ಲೇ ತಲುಪಬಹುದು" ಅನ್ನೋ ಒಂದು ಸಾಲು ಇದನ್ನೆಲ್ಲ ಒಳಗಿಟ್ಟುಕೊಂಡಿದೆ.

ಮೊದಲು ಪ್ರಾಣಿ

ಮೂಸ್ ಅಂದ್ರೆ ಜಿಂಕೆ ಕುಟುಂಬದಲ್ಲೇ ಅತಿ ದೊಡ್ಡದು. ನಮ್ಮ ಕಡವೆಯನ್ನು ಎರಡರಷ್ಟು ದೊಡ್ಡದು ಮಾಡಿ, ಉದ್ದನೆ ಕಾಲು, ಮೊರದಂಥ ಕೊಂಬು ಕೊಟ್ಟರೆ ಹೇಗಿರುತ್ತೋ ಹಾಗೆ. ಬೆಳೆದ ಗಂಡು 400-500 ಕಿಲೋ ತೂಗುತ್ತೆ.

ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಇದು ಮೂಲನಿವಾಸಿಯೇ ಅಲ್ಲ. 1878ರಲ್ಲಿ ಒಂದು ಜೋಡಿ ತಂದು ಬಿಟ್ಟರು. 1904ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಿಂದ ಇನ್ನೂ ನಾಲ್ಕು ತಂದು ಹೌಲಿ ಅನ್ನೋ ಊರಿನ ಹತ್ತಿರ ಬಿಟ್ಟರು. ಅದನ್ನು ಹಿಡಿಯಬಲ್ಲ ತೋಳ 1930ರ ಹೊತ್ತಿಗೆ ದ್ವೀಪದಿಂದಲೇ ಅಳಿದುಹೋಯಿತು. ಇವತ್ತು ಅಲ್ಲಿನ ಮೂಸ್ ಸಂಖ್ಯೆ ಒಂದು ಲಕ್ಷದ ಮೇಲೆ ಅನ್ನೋದು ಅಂದಾಜು. ಲ್ಯಾಬ್ರಡಾರ್ ಸೇರಿಸಿದರೂ ಇಡೀ ಪ್ರಾಂತ್ಯದ ಜನಸಂಖ್ಯೆ ಐದು ಲಕ್ಷ ಚಿಲ್ಲರೆ!

ಇಷ್ಟು ಮೂಸ್‌ಗಳು ಎಳೆಯ ಫರ್, ಬರ್ಚ್ ಗಿಡಗಳನ್ನು ತಿಂದು ಮುಗಿಸೋದರಿಂದ ಕಾಡು ಮತ್ತೆ ಬೆಳೆಯೋದೇ ಕಷ್ಟವಾಗಿದೆ. ಬೇಟೆಗೆ ಅವಕಾಶವೇ ಇರದಿದ್ದ ಗ್ರೋಸ್ ಮಾರ್ನ್ ರಾಷ್ಟ್ರೀಯ ಉದ್ಯಾನದೊಳಗೂ 2011ರಿಂದ ಸ್ಥಳೀಯ ಬೇಟೆಗಾರರನ್ನು ಬಿಟ್ಟು ಸಂಖ್ಯೆ ಇಳಿಸೋ ಕೆಲಸ ನಡೆದಿದೆ. ಅಂದರೆ ಅಲ್ಲಿ ಬೇಟೆಯೇ ಅರಣ್ಯ ನಿರ್ವಹಣೆಯ ಒಂದು ಸಾಧನ. ನಮ್ಮ ಅನುಭವದಿಂದ ಅಳೆದು "ಬೇಟೆ ಎಂದರೆ ವಿನಾಶ" ಅಂತ ಇಲ್ಲಿ ಹೇಳೋಕಾಗಲ್ಲ.

ಗೈಡ್ ಯಾಕೆ ಬೇಕೇ ಬೇಕು?

ನನ್ನ ಗೆಳೆಯ ಕೆನಡಾದಲ್ಲೇ ಇದ್ದಾನೆ. ಆದರೂ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯಕ್ಕೆ ಅವನು ಹೊರಗಿನವನು. ಅಲ್ಲಿ ಮೂಸ್ ಬೇಟೆಯಾಡಬೇಕು ಅಂದ್ರೆ ಹೊರಗಿನವರು ಲೈಸೆನ್ಸ್ ಇರುವ ಔಟ್‌ಫಿಟ್ಟರ್ ಮೂಲಕ ಹೋಗೋದು ಸಾಮಾನ್ಯ ನಿಯಮ. ಊಟ, ವಸತಿ, ಗೈಡ್ ಎಲ್ಲ ಒದಗಿಸೋ ಬೇಟೆ ಶಿಬಿರದ ಮಾಲೀಕರೇ ಈ ಔಟ್‌ಫಿಟ್ಟರ್‌ಗಳು.

ಸರ್ಕಾರ ದ್ವೀಪವನ್ನು ನಿರ್ವಹಣಾ ವಲಯಗಳಾಗಿ ಹಂಚಿ, ಒಂದೊಂದು ವಲಯದಲ್ಲಿ ಎಷ್ಟು ಮೂಸ್ ಹೊಡೆಯಬಹುದು ಅಂತ ಕೋಟಾ ನಿಗದಿ ಮಾಡುತ್ತೆ. ಸ್ಥಳೀಯರು ಅರ್ಜಿ ಹಾಕಿ ಡ್ರಾದಲ್ಲಿ ಲೈಸೆನ್ಸ್ ಪಡೆಯಬೇಕು. ಹೊರಗಿನವರ ಪಾಲು ಔಟ್‌ಫಿಟ್ಟರ್‌ಗಳಿಗೆ ಹಂಚಿಕೆಯಾಗುತ್ತೆ. ಅವರು ಅದನ್ನು ಪ್ಯಾಕೇಜ್ ಮಾಡಿ ಮಾರ್ತಾರೆ.

ಗಮನಿಸಿ: ಸ್ಥಳೀಯನಿಗೆ ಸರದಿ ಬಂದಾಗ ಸಿಗೋ ವಸ್ತು, ಹೊರಗಿನವನಿಗೆ ಸಾವಿರಾರು ಡಾಲರ್ ಕೊಟ್ಟರೆ ಸಿಗುತ್ತೆ. ಇದು ಅನ್ಯಾಯ ಅಂತ ತಕ್ಷಣ ಅನ್ನಿಸಬಹುದು. ಇನ್ನೊಂದು ಮುಖವೂ ಇದೆ. ಮೀನುಗಾರಿಕೆ ಕುಸಿದ, ಕಾರ್ಖಾನೆ ಮುಚ್ಚಿದ ಊರುಗಳಲ್ಲಿ ಗೈಡ್, ಅಡುಗೆಯವರು, ಮಾಂಸ ಕತ್ತರಿಸುವವರಿಗೆ ಈ ದುಡ್ಡೇ ಆ ಸೀಸನ್ನಿನ ಸಂಬಳ. ಹಾಗಾಗಿ ಕೇಳಬೇಕಾದ್ದು, ನೀವು ಕೊಡೋ ದುಡ್ಡು ಆ ಊರಲ್ಲಿ ಉಳಿಯುತ್ತಾ ಅಂತ.

ಎಲ್ಲ ಕಡೆ ಇದೇ ನಿಯಮ ಅಂದ್ಕೋಬೇಡಿ. ಅಮೆರಿಕದ ಮೇನ್ ರಾಜ್ಯದಲ್ಲಿ ಮೊದಲು ಲಾಟರಿ ಗೆಲ್ಲಬೇಕು, ಹೊರರಾಜ್ಯದವರಿಗೆ ಸಿಗೋದು ಸುಮಾರು ಹತ್ತನೇ ಒಂದು ಭಾಗ; ಗೈಡ್ ಹುಡುಕೋದು ಆಮೇಲಿನ ಮಾತು. ಅಲಾಸ್ಕದಲ್ಲಿ ಬೇರೆ ರಾಜ್ಯದ ಅಮೆರಿಕನ್ ಪ್ರಜೆಗೆ ಮೂಸ್‌ಗೆ ಗೈಡ್ ಕಡ್ಡಾಯವಲ್ಲ. ಆದರೆ ಭಾರತದಿಂದ ಪ್ರವಾಸಕ್ಕೆ ಹೋದ ವಿದೇಶಿಗನಿಗೆ ಕಡ್ಡಾಯ.

ರಸ್ತೆ ಎಲ್ಲಿಂದ ಬಂತು?

ಬೇಟೆ ಶಿಬಿರಗಳಲ್ಲಿ ಎರಡು ಬಗೆ. ಒಂದು, ಸಣ್ಣ ವಿಮಾನ ಅಥವಾ ಹೆಲಿಕಾಪ್ಟರ್‌ನಲ್ಲಿ ಮಾತ್ರ ತಲುಪೋದು. ಇನ್ನೊಂದು, ಕಾರು, ಪಿಕಪ್‌ನಲ್ಲಿ ತಲುಪೋದು. ಎರಡನೆಯದು ಅಗ್ಗ. ಹ್ಯಾಲಿಫ್ಯಾಕ್ಸ್‌ನಿಂದ ನಾರ್ತ್ ಸಿಡ್ನಿ, ಅಲ್ಲಿಂದ ಸುಮಾರು ಏಳು ಗಂಟೆಯ ಫೆರ್ರಿ, ಇಳಿದರೆ ಪೋರ್ಟ್ ಓ ಬಾಸ್ಕ್. ಅಲ್ಲಿಂದ ಸೇಂಟ್ ಜಾನ್ಸ್‌ವರೆಗೆ ಸುಮಾರು 900 ಕಿ.ಮೀ. ಟ್ರಾನ್ಸ್-ಕೆನಡಾ ಹೆದ್ದಾರಿ. ಈ ಫೆರ್ರಿಯೂ ರಾಜಕೀಯದ ಕೂಸೇ. 1949ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕೆನಡಾ ಸೇರಿದಾಗ, ಫೆರ್ರಿ ನಡೆಸೋದು ಒಕ್ಕೂಟ ಸರ್ಕಾರದ ಹೊಣೆ ಅಂತ ಷರತ್ತಿನಲ್ಲೇ ಬರೆಸಿಕೊಂಡಿತ್ತು.

ಹೆದ್ದಾರಿಯಿಂದ ಕಾಡೊಳಗೆ ಹೋಗೋ ಮಣ್ಣಿನ ರಸ್ತೆಗಳನ್ನು ಹೆಚ್ಚಾಗಿ ಮಾಡಿದ್ದು ಕಾಗದದ ಕಾರ್ಖಾನೆಗಳು, ಮರ ಸಾಗಿಸೋಕೆ. ಗ್ರ್ಯಾಂಡ್ ಫಾಲ್ಸ್‌ನ ಕಾರ್ಖಾನೆ 1909ರಲ್ಲಿ ಶುರುವಾಗಿ 2009ರಲ್ಲಿ ಮುಚ್ಚಿತು. ಮುಚ್ಚುತ್ತೇವೆ ಅಂತ ಕಂಪನಿ ಹೇಳಿದ ಕೂಡಲೇ ಪ್ರಾಂತ್ಯ ಸರ್ಕಾರ ಕಾನೂನು ಮಾಡಿ ಅದರ ಕಾಡು, ನೀರಿನ ಹಕ್ಕುಗಳನ್ನು ವಾಪಸ್ ತಗೊಂಡಿತು. ಕೊನೆಗೆ 2010ರಲ್ಲಿ ಕೆನಡಾ ಸರ್ಕಾರ ಕಂಪನಿಗೆ 13 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು. 1988ರಲ್ಲಿ ನಿಂತ ರೈಲಿನ ಹಳಿ ಕಿತ್ತ ದಾರಿಯಲ್ಲಿ ಇವತ್ತು ಕ್ವಾಡ್ ಬೈಕ್‌ಗಳು ಓಡ್ತವೆ.

ಮರ ಕಡಿದ ಜಾಗದಲ್ಲಿ ಎಳೆ ಗಿಡ ಬರುತ್ತೆ, ಅದನ್ನು ತಿನ್ನೋಕೆ ಮೂಸ್ ಬರುತ್ತೆ, ಅದೇ ರಸ್ತೆಯಲ್ಲಿ ಬೇಟೆಗಾರನೂ ಬರ್ತಾನೆ. ರಸ್ತೆ ಎಲ್ಲರಿಗೂ ತೆರೆದಿದ್ದರಿಂದ ಡ್ರಾದಲ್ಲಿ ಲೈಸೆನ್ಸ್ ಸಿಕ್ಕ ಸ್ಥಳೀಯರೂ ಅಲ್ಲಿಗೇ ಬರ್ತಾರೆ. ಹೀಗಾಗಿ ರಸ್ತೆ ಬದಿಯ ಮೂಸ್ ಮೇಲೆ ಒತ್ತಡ ಜಾಸ್ತಿ. ವಿಮಾನದ ಶಿಬಿರದವರು ದುಬಾರಿ ದರ ಕೇಳೋದು ಮುಖ್ಯವಾಗಿ ಈ ಗದ್ದಲ ಇಲ್ಲದ್ದಕ್ಕೆ.

ರಸ್ತೆಯ ದೊಡ್ಡ ಲಾಭ ಮಾಂಸದ್ದು. ಮೂಸ್ ಬಿದ್ದ ಮೇಲೆ ಓಟ ಗಡಿಯಾರದ ಜೊತೆ. ದಪ್ಪ ಚರ್ಮ ಬಿಸಿಯನ್ನು ಒಳಗೇ ಹಿಡಿದಿಡುತ್ತೆ, ಬೇಗ ಸುಲಿದು ತಣ್ಣಗೆ ಮಾಡದಿದ್ದರೆ ನೂರಾರು ಕಿಲೋ ಮಾಂಸ ಹಾಳು. ಕ್ವಾಡ್ ಹೋಗೋ ದಾರಿ ಹತ್ತಿರ ಇದ್ದರೆ ಅದೇ ದಿನ ಶೀತಕೋಣೆ ಸೇರುತ್ತೆ. ಆಮೇಲೆ ವಿಮಾನದ ತೂಕದ ಮಿತಿಯೂ ಇಲ್ಲ, ನಿಮ್ಮ ಗಾಡಿಯಲ್ಲೇ ಮನೆಗೆ.

ಏನೇನು ಕೇಳಬೇಕು?

ಗೆಳೆಯನಿಗೆ ನಾನು ಬರೆದುಕೊಟ್ಟ ಪಟ್ಟಿ ಇದು. ಔಟ್‌ಫಿಟ್ಟರ್‌ಗೆ ಮುಂಗಡ ಕೊಡೋ ಮುಂಚೆ ಕೇಳಬೇಕಾದ್ದು.

1. ಯಾವ ವಲಯ? ಆ ವಲಯದ ಲೈಸೆನ್ಸ್ ನಿಮ್ಮ ಹಂಚಿಕೆಯಲ್ಲಿ ಈಗಾಗಲೇ ಇದೆಯಾ? ಗಂಡಿಗೆ ಮಾತ್ರವಾ, ಗಂಡು-ಹೆಣ್ಣು ಯಾವುದಾದರೂ ಸರಿಯಾ?

2. ಶಿಬಿರದವರೆಗೆ ರಸ್ತೆ ಸರಿ, ಬೇಟೆ ಎಲ್ಲಿ? ರಸ್ತೆ ಬದಿಯಲ್ಲೇ ಗಾಡಿಯಲ್ಲಿ ಸುತ್ತಿಸ್ತೀರಾ, ಅಥವಾ ಒಳಗೆ ನಡೆಸ್ತೀರಾ? ಅದೇ ದಾರಿಯನ್ನು ಇನ್ನೂ ಎಷ್ಟು ಜನ ಬಳಸ್ತಾರೆ? ಜೌಗುನೆಲದಲ್ಲಿ ದಿನಕ್ಕೆ ಎಷ್ಟು ಕಿ.ಮೀ. ನಡೀಬೇಕು?

3. ಯಾವ ವಾರ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಮೂಸ್‌ಗಳ ಕೂಡುವ ಕಾಲ. ಗೈಡ್ ಹೆಣ್ಣಿನ ಕೂಗು ಕೂಗಿದರೆ ಗಂಡು ಹತ್ತಿರ ಬರುತ್ತೆ. ಅದಕ್ಕೇ ಆ ವಾರಗಳು ಬೇಗ ಬುಕ್ ಆಗ್ತವೆ.

4. ಒಬ್ಬ ಗೈಡ್‌ಗೆ ಎಷ್ಟು ಬೇಟೆಗಾರರು? ಒಬ್ಬರಾ, ಇಬ್ಬರಾ? ಗೈಡ್ ಅದೇ ಊರಿನವರಾ, ಎಷ್ಟು ಸೀಸನ್ನಿನಿಂದ ಅಲ್ಲಿದ್ದಾರೆ?

5. "ಯಶಸ್ಸಿನ ಪ್ರಮಾಣ" ಹೇಗೆ ಲೆಕ್ಕ ಹಾಕಿದ್ದು? ಇಲ್ಲಿ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಶೇ. 90 ಅಂದ್ರೆ ಶೇ. 90 ಜನ ಮೂಸ್ ಹೊಡೆದರಾ, ಅಥವಾ ಹೊಡೆಯೋ ಅವಕಾಶ ಸಿಕ್ಕಿತಾ? ಒಳ್ಳೆಯ ಒಂದು ವರ್ಷದ್ದಾ, ಐದು ವರ್ಷದ ಸರಾಸರಿಯಾ? ಛೇದದಲ್ಲಿ ಏನಿದೆ ಅಂತ ಹೇಳದ ಶೇಕಡಾವಾರನ್ನು ನಂಬಬೇಡಿ, ಅದು ಚುನಾವಣಾ ಸಮೀಕ್ಷೆ ಆಗಿರಲಿ, ಮೂಸ್ ಆಗಿರಲಿ.

6. ಮಾಂಸ ಎಷ್ಟು ಹೊತ್ತಿನಲ್ಲಿ ಶೀತಕೋಣೆಗೆ ಹೋಗುತ್ತೆ? ಕತ್ತರಿಸಿ ಪ್ಯಾಕ್ ಮಾಡೋ ಖರ್ಚು ಒಳಗೇ ಇದೆಯಾ? ನಾವು ಒಯ್ಯಲಾಗದ ಪಾಲು ಯಾರಿಗೆ ಹೋಗುತ್ತೆ? ಇದಕ್ಕೆ ತಡವರಿಸುವವರು ಕೊಂಬಿನ ವ್ಯಾಪಾರಿಗಳು.

7. ಗಾಳಿಗೆ ಫೆರ್ರಿ ರದ್ದಾದರೆ ನಮ್ಮ ದಿನಗಳು ಏನಾಗ್ತವೆ? 2022ರ ಸೆಪ್ಟೆಂಬರ್‌ನಲ್ಲಿ ಫಿಯೋನಾ ಚಂಡಮಾರುತ ಪೋರ್ಟ್ ಓ ಬಾಸ್ಕ್‌ನ ಮನೆಗಳನ್ನೇ ಸಮುದ್ರಕ್ಕೆ ಎಳೆದೊಯ್ದಿತ್ತು. ಹೋಗ್ತಾ ಬರ್ತಾ ಒಂದೊಂದು ದಿನ ಕೈಯಲ್ಲಿ ಇಟ್ಕೊಳ್ಳಿ.

ಇದರ ಜೊತೆ ಬಂದೂಕಿನ ಲೈಸೆನ್ಸ್. ಕೆನಡಾದಲ್ಲಿ ವಾಸ ಇರೋರು ಸುರಕ್ಷತಾ ಕೋರ್ಸ್ ಮಾಡಿ, ಪರೀಕ್ಷೆ ಪಾಸಾಗಿ, ಹಿನ್ನೆಲೆ ತಪಾಸಣೆ ಮುಗಿಸಬೇಕು. ಇದಕ್ಕೆ ತಿಂಗಳುಗಳೇ ಬೇಕಾಗಬಹುದು, ಈಗಲೇ ಶುರು ಮಾಡಬೇಕು.

ರಾತ್ರಿ ಓಡಿಸಬೇಡ

ಈ ಪ್ರವಾಸದಲ್ಲಿ ನನಗೆ ಹೆಚ್ಚು ಭಯ ಆಗೋದು ಬಂದೂಕಿನದ್ದಲ್ಲ, ಡ್ರೈವಿಂಗ್‌ದು. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ವರ್ಷಕ್ಕೆ ನೂರಾರು ವಾಹನಗಳು ಮೂಸ್‌ಗೆ ಡಿಕ್ಕಿ ಹೊಡೀತವೆ. ಮೂಸ್‌ನ ಕಾಲು ಉದ್ದ, ಮೈ ಎತ್ತರದಲ್ಲಿದೆ. ಕಾರಿನ ಬಂಪರ್ ಕಾಲಿಗೆ ಬಡಿದರೆ ನಾನೂರು ಕಿಲೋ ದೇಹ ನೇರ ಗಾಜಿನ ಮೇಲೆ ಬೀಳುತ್ತೆ. ಕಣ್ಣು ಹೆಡ್‌ಲೈಟ್‌ಗಿಂತ ಎತ್ತರದಲ್ಲಿರೋದರಿಂದ ಕತ್ತಲಲ್ಲಿ ಅದು ಹೊಳೆಯೋದೂ ಕಡಿಮೆ. ಮೂಸ್ ಸಂಖ್ಯೆ ನಿಯಂತ್ರಿಸದೆ ಸರ್ಕಾರ ನಿರ್ಲಕ್ಷ್ಯ ಮಾಡಿದೆ ಅಂತ ಗಾಯಾಳುಗಳು ಒಟ್ಟಾಗಿ ದಾವೆ ಹೂಡಿದ್ದರು, 2014ರಲ್ಲಿ ಕೋರ್ಟ್ ಅದನ್ನು ತಳ್ಳಿಹಾಕಿತು. ಮೂಸ್ ಬಂದರೆ ದೀಪ ಮಿನುಗಿಸೋ ಸೆನ್ಸರ್‌ಗಳನ್ನು ಹಾಕಿ ನೋಡಿದರು, ಅವು ಪದೇ ಪದೇ ಕೆಟ್ಟು ಕೊನೆಗೆ ತೆಗೆದರು. ಬಂಡೀಪುರದಲ್ಲಿ ನಾವು ರಾತ್ರಿ ಗೇಟ್ ಹಾಕ್ತೀವಿ. ದ್ವೀಪಕ್ಕೆ ಇರೋ ಒಂದೇ ಮುಖ್ಯ ಹೆದ್ದಾರಿಗೆ ಗೇಟ್ ಹಾಕೋಕಾಗಲ್ಲ. ಹಾಗಾಗಿ ಫೆರ್ರಿ ಸಂಜೆ ಇಳಿಸಿದರೆ ಅಲ್ಲೇ ಮಲಗಿ, ಬೆಳಕು ಹರಿದ ಮೇಲೆ ಹೊರಡಿ.

ಯಾರ ಕಾಡು?

ಕೆನಡಾದ ಬೇರೆ ಪ್ರಾಂತ್ಯಗಳಲ್ಲಿ ರಸ್ತೆಯ ಪ್ರಶ್ನೆ ಇನ್ನೂ ಚೂಪು. ಬ್ರಿಟಿಷ್ ಕೊಲಂಬಿಯಾದ ಈಶಾನ್ಯದಲ್ಲಿ ಬ್ಲೂಬೆರಿ ರಿವರ್ ಮೂಲನಿವಾಸಿಗಳು ಕೋರ್ಟ್‌ಗೆ ಹೋದರು. ರಸ್ತೆ, ತೈಲ-ಅನಿಲ, ಮರ ಕಡಿತ ಎಲ್ಲ ಸೇರಿ, 1899ರ ಒಡಂಬಡಿಕೆ ಕೊಟ್ಟ ಬೇಟೆಯ ಬದುಕೇ ಉಳಿದಿಲ್ಲ ಅನ್ನೋದು ಅವರ ವಾದ. 2021ರಲ್ಲಿ ಅವರು ಗೆದ್ದರು. ಮರುವರ್ಷ ಸರ್ಕಾರ ಆ ಭಾಗದಲ್ಲಿ ಲೈಸೆನ್ಸ್ ಮೇಲಿನ ಮೂಸ್ ಬೇಟೆಯನ್ನು ಅರ್ಧಕ್ಕೆ ಇಳಿಸಿತು. ಒಂಟಾರಿಯೋದಲ್ಲಿ 1993ರಲ್ಲಿ ಚಳಿಗಾಲದ ಊಟಕ್ಕೆ ಅಂತ ಒಂದು ಮೂಸ್ ಹೊಡೆದ ಪೌಲಿ ಎಂಬ ಮೆಟಿ ಸಮುದಾಯದ ತಂದೆ-ಮಗನ ಮೇಲೆ ಕೇಸ್ ಹಾಕಿದ್ದರು. ಅವರ ಬೇಟೆಯ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯೋಕೆ 2003 ಬರಬೇಕಾಯಿತು. ಲೈಸೆನ್ಸ್ ಪಡೆದು ಹೋಗುವ ಹೊರಗಿನವನು, ತನಗಿಂತ ಮುಂಚೆ ಆ ಪ್ರಾಣಿಯ ಮೇಲೆ ಯಾರ ಹಕ್ಕಿದೆ ಅಂತ ತಿಳಿದು ಹೋದರೆ ನಷ್ಟವೇನಿಲ್ಲ.

ಗೆಳೆಯ ಏಳೂ ಪ್ರಶ್ನೆಗಳನ್ನು ಎರಡೂ ಕಡೆ ಕಳಿಸಿದ. ಒಬ್ಬರು ಹನ್ನೆರಡು ಕೊಂಬಿನ ಫೋಟೋ ಕಳಿಸಿ "ಸೀಟು ಬೇಗ ತುಂಬ್ತಿದೆ" ಅಂದರು. ಇನ್ನೊಬ್ಬರು ಒಂದೊಂದಕ್ಕೂ ಉತ್ತರ ಬರೆದು, ಹೋದ ಸೀಸನ್ನಿನಲ್ಲಿ ಮೂವರು ಬರಿಗೈಯಲ್ಲಿ ವಾಪಸ್ ಹೋದರು, ಮೊದಲ ವಾರ ರಸ್ತೆಯಲ್ಲಿ ಜನ ಜಾಸ್ತಿ, ಆದರೆ ಅಕ್ಟೋಬರ್‌ಗೆ ಬನ್ನಿ ಅಂತ ಹೇಳಿದರು. ಅವನು ಯಾರಿಗೆ ಮುಂಗಡ ಕಳಿಸಿದ ಅಂತ ನಾನು ಹೇಳಬೇಕಾಗಿಲ್ಲ. ನನಗೆ ಒಂದು ಮೆಸೇಜ್ ಮಾತ್ರ ಬಂತು: "ದೊಡ್ಡ ಫ್ರೀಜರ್ ತಗೋಬೇಕು ಮಗಾ. ಅಮ್ಮಂಗೆ ಮಾತ್ರ ಹೇಳ್ಬೇಡ."